ರಾಯರು ಯಾರವರು? – ಗಾಜುವಾಕದಿಂದ ಬೆಜವಾಡದವರೆಗೆ ಒಂದು ಕಲ್ಲಿನ ಪಾಠ



ಸಂಘದ ಕಳೆದ ಸಭೆಯಲ್ಲಿ 'ಒಂದು ಹಳೆಯ ಊರನ್ನು ನೋಡುವುದು ಹೇಗೆ?' ಎಂಬ ವಿಷಯದ ಮೇಲೆ ಯಾರಾದರೂ ಬರೆಯಬೇಕೆಂದು ತೀರ್ಮಾನವಾಯಿತು. ರಜೆಗೆ ಆಂಧ್ರದ ಕಡೆ ಹೋಗುವವನು ನಾನೊಬ್ಬನೇ ಆದ್ದರಿಂದ ಅದು ನನ್ನ ತಲೆಗೆ ಬಂತು. ನಾನು ಇತಿಹಾಸದ ವಿದ್ಯಾರ್ಥಿಯಲ್ಲ. ಶಾಸನಶಾಸ್ತ್ರವಂತೂ ನನಗೆ ಇನ್ನೂ ಮೂರನೇ ಸೆಮಿಸ್ಟರಿನ ಒಂದು ಪತ್ರಿಕೆ ಮಾತ್ರ. ಆದರೂ ಬರೆಯುತ್ತಿದ್ದೇನೆ. ಕಾರಣ, ಹಾಸ್ಟೆಲಿನಲ್ಲಿ ನಡೆದ ಒಂದು ಜಗಳ.

ಜಗಳ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಊಟ ಮುಗಿಸಿ ಕೂತಿದ್ದಾಗ ಕೃಷ್ಣದೇವರಾಯರ ಮಾತು ಬಂತು. ರಾಯರು ನಮ್ಮವರು, ಕನ್ನಡದವರು ಅಂತ ಒಬ್ಬರು. ತೆಲುಗು ಕಾವ್ಯ ಬರೆದವರು ಹೇಗೆ ನಮ್ಮವರಾಗ್ತಾರೆ ಅಂತ ಇನ್ನೊಬ್ಬರು. ತುಳುವ ವಂಶ ಅಂತ ಪುಸ್ತಕದಲ್ಲೇ ಇದೆಯಲ್ಲ, ನಮಗೆ ಬಿಡಿ ಅಂತ ಮಂಗಳೂರಿನ ಕಡೆಯ ಮಿತ್ರರು. ನಾನು ಬಾಯಿ ತೆರೆದ ಕೂಡಲೇ, "ನೀನು ಸುಮ್ನಿರಪ್ಪ, ನೀನು ತೆಲುಗಿನವನು" ಅಂದುಬಿಟ್ಟರು. ತಮಾಷೆಗೇ ಅಂದದ್ದು. ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಏಕೆಂದರೆ ಗಾಜುವಾಕದ ನಮ್ಮ ಬೀದಿಯಲ್ಲಿ ಇಷ್ಟು ವರ್ಷವೂ ನನ್ನ ಹೆಸರು 'ಕನ್ನಡದವರ ಹುಡುಗ' ಅಂತಲೇ. ಅಲ್ಲಿ ಕನ್ನಡದವನು, ಇಲ್ಲಿ ತೆಲುಗಿನವನು. ರಾಯರ ಪಾಡೂ ನನ್ನ ಪಾಡೂ ಒಂದೇ ಆಯ್ತಲ್ಲ ಅಂದುಕೊಂಡೆ.

1. ಹಿತ್ತಲ ಗುಡ್ಡ

ಗಾಜುವಾಕ ಅಂದರೆ ನಿಮಗೆ ಗೊತ್ತಿರಲಾರದು. ವಿಶಾಖಪಟ್ಟಣದ ದಕ್ಷಿಣ ಭಾಗ. ಉಕ್ಕಿನ ಕಾರ್ಖಾನೆಯ ನೆರಳಲ್ಲಿ ಬೆಳೆದ ಊರು. ಆ ಕಾರ್ಖಾನೆಗೆ 1971ರಲ್ಲಿ ಅಡಿಗಲ್ಲು ಬಿತ್ತು, 1992ರಲ್ಲಿ ಅದನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಸಂಡೂರಿನ ಅದಿರು ನೋಡುತ್ತ ಬೆಳೆದ ನಮ್ಮ ತಂದೆ ಕೆಲಸ ಹುಡುಕಿಕೊಂಡು ಅಲ್ಲಿಗೆ ಹೋದರು. ನಾನು ಹುಟ್ಟಿದ್ದು ಅಲ್ಲೇ, ತಂಗಿ ಹುಟ್ಟಿದ್ದೂ ಅಲ್ಲೇ. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತೆಲುಗು. ನನಗೆ ಅಜ್ಜಿ ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡ ಓದಲು ಕಲಿಸಿದರು. ತಂಗಿಯ ಸರದಿ ಬರುವ ಹೊತ್ತಿಗೆ ಅಜ್ಜಿಯ ಕಣ್ಣು ಮಂಜಾಗಿತ್ತು. ಅವಳು ಕನ್ನಡ ಆಡುತ್ತಾಳೆ, ಓದಲಾರಳು. ಅಜ್ಜಿ ತೀರಿಕೊಂಡಾಗ ಒಂದು ನೋಟುಬುಕ್ಕು ಉಳಿಯಿತು. ಶೋಭಾನೆ ಪದ, ಲಾಲಿ ಪದ, ಉಪ್ಪಿನಕಾಯಿ ಲೆಕ್ಕ ಎಲ್ಲ ಅವರ ಕೈಬರಹದಲ್ಲಿ. ತಂಗಿ ಅದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದಾಳೆ. ಅವಳ ಪಾಲಿಗೆ ಅದೂ ಒಂದು ಶಾಸನವೇ, ಯಾರಾದರೂ ಓದಿ ಹೇಳಬೇಕು.

ನಮ್ಮ ಮನೆಯಿಂದ ಬಸ್ಸು ಹಿಡಿದರೆ ಸಿಂಹಾಚಲ ದೂರವಲ್ಲ. ಚಿಕ್ಕಂದಿನಿಂದ ಹತ್ತು ಸಲ ಹೋಗಿದ್ದೇನೆ. ಹೋಗಿ ಮಾಡಿದ್ದೇನು? ಸರದಿಯಲ್ಲಿ ನಿಂತು ದರ್ಶನ, ಪ್ರಸಾದ, ದಾರಿಯಲ್ಲಿ ಮಾರುವ ಅನಾನಸು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಗುಡ್ಡಕ್ಕೂ ಸಲ್ಲುತ್ತದೆ.

ನಾವೆಲ್ಲ ಇಟಲಿಯ ರೋಮ್, ವೆನಿಸ್, ಫ್ಲಾರೆನ್ಸಿನ ಹೆಸರನ್ನು ಪಾಠದಲ್ಲಿ ಓದಿ ಬಾಯಿ ಬಿಟ್ಟವರು. ಆದರೆ ಒಂದು ಕಾಲಕ್ಕೆ ಅಲ್ಲಿಯವರೇ ನಮ್ಮ ಊರುಗಳನ್ನು ನೋಡಲು ಬಂದಿದ್ದರು. ವೆನಿಸ್ಸಿನ ನಿಕೊಲೊ ಕೊಂಟಿ 1420ರ ಸುಮಾರಿಗೆ ವಿಜಯನಗರಕ್ಕೆ ಬಂದ. ನೂರು ವರ್ಷದ ಮೇಲೆ ಬಂದ ಪೋರ್ಚುಗೀಸ್ ಪಯಣಿಗ ಪಾಯೆಸ್ ಆ ನಗರ ರೋಮಿನಷ್ಟು ದೊಡ್ಡದಾಗಿ ಕಂಡಿತೆಂದು ಬರೆದ. 1623ರಲ್ಲಿ ರೋಮಿನವನೇ ಆದ ಪಿಯೆತ್ರೊ ದೆಲ್ಲಾ ವಾಲ್ಲೆ ನಮ್ಮ ಇಕ್ಕೇರಿಯ ಕಡೆ ಬಂದ. ಅವನು ಅರಮನೆಯನ್ನಷ್ಟೇ ನೋಡಿ ಹೋಗಲಿಲ್ಲ. ಗುಡಿಯ ಜಗುಲಿಯಲ್ಲಿ ಹುಡುಗರು ಕೂತು, ರಾಗವಾಗಿ ಹೇಳಿಕೊಳ್ಳುತ್ತ, ಮರಳಿನ ಮೇಲೆ ಬೆರಳಿನಿಂದ ಲೆಕ್ಕ ಬರೆದು ಕಲಿಯುತ್ತಿದ್ದುದನ್ನೂ ಕಂಡು ಬರೆದಿಟ್ಟ. ನಮ್ಮವರಿಗೆ ಅದು ದಿನಬೆಳಗಿನ ಸಂಗತಿ, ಯಾರೂ ಬರೆಯಲಿಲ್ಲ. ಪರಊರಿನವನ ಕಣ್ಣಿಗೆ ಬಿತ್ತು.

ಹಾಗಾದರೆ ನಮ್ಮ ಊರನ್ನು ನಾವೇ ಪರಊರಿನವರ ಕಣ್ಣಿನಿಂದ ನೋಡಿದರೆ ಹೇಗೆ? ನನ್ನ ಮಟ್ಟಿಗೆ ಮೂರು ಪ್ರಶ್ನೆ ಮಾಡಿಕೊಂಡೆ. ಒಂದು, ಈ ಕಲ್ಲು ಏನು ಹೇಳುತ್ತಿದೆ? ಎರಡು, ಯಾರಿಗೆ ಹೇಳುತ್ತಿದೆ? ಮೂರು, ಯಾವ ಮಾತಿನಲ್ಲಿ ಹೇಳುತ್ತಿದೆ? 'ಈ ಕಲ್ಲು ಯಾರದು' ಎಂಬ ನಾಲ್ಕನೆಯ ಪ್ರಶ್ನೆಯನ್ನು ಬೇಕೆಂದೇ ಕೈಬಿಟ್ಟೆ. ಜಗಳವಾಗಿದ್ದು ಅದರಿಂದಲೇ ಅಲ್ಲವೆ?

2. ಸಿಂಹಾಚಲದಲ್ಲಿ ತಂಗಿ ಹಿಡಿದ ತಪ್ಪು

ಹೋಗುವ ಮೊದಲು ಲೈಬ್ರರಿಯಲ್ಲಿ ಅಚ್ಚಾದ ಶಾಸನ ಸಂಪುಟ ತೆಗೆದು, ರಾಯರ ಶಾಸನಪಾಠವನ್ನು ತೆಲುಗು ಲಿಪಿಯಲ್ಲೇ ನಕಲು ಮಾಡಿಕೊಂಡಿದ್ದೆ. ತಂಗಿಯನ್ನೂ ಕರೆದುಕೊಂಡು ಮೆಟ್ಟಿಲ ದಾರಿಯಲ್ಲೇ ಹತ್ತಿದೆ. ಸುಮಾರು ಸಾವಿರ ಮೆಟ್ಟಿಲು. ಇಕ್ಕೆಲದಲ್ಲಿ ಹಲಸು, ಅನಾನಸು, ಸಂಪಿಗೆ.

ದೇವಾಲಯ ಪಶ್ಚಿಮಕ್ಕೆ ಮುಖ ಮಾಡಿದೆ. ವರಾಹ-ನರಸಿಂಹ ಒಂದೇ ಮೂರ್ತಿಯಲ್ಲಿ. ವರ್ಷವೆಲ್ಲ ಗಂಧದ ಲೇಪದೊಳಗೆ ಇದ್ದು ಲಿಂಗದ ಆಕಾರದಲ್ಲಿ ಕಾಣುವ ದೇವರು, ಅಕ್ಷಯ ತದಿಗೆಯ ಒಂದು ದಿನ ಮಾತ್ರ ನಿಜರೂಪ ತೋರಿಸುತ್ತಾನೆ. ಹನ್ನೊಂದನೆಯ ಶತಮಾನದ ಕೊನೆಯಲ್ಲೇ ಇಲ್ಲಿ ಶಾಸನ ಹಾಕಿಸಿದ್ದಾರೆ. ಈಗ ಕಾಣುವ ಕಟ್ಟಡದ ಮುಖ್ಯ ಭಾಗ ಹದಿಮೂರನೆಯ ಶತಮಾನದ್ದು, ಗಂಗ ವಂಶದ ಅರಸರ ಕಾಲದ್ದು. ನಮ್ಮ ತಲಕಾಡಿನ ಗಂಗರಲ್ಲ, ಕಳಿಂಗದ ಪೂರ್ವಗಂಗರು. ಕೋನಾರ್ಕದ ಸೂರ್ಯ ದೇವಾಲಯ ಕಟ್ಟಿಸಿದ ನರಸಿಂಹದೇವನೂ ಆ ಮನೆತನದವನೇ. ಶಿಖರ ನೋಡಿದರೆ ಒಡಿಶಾದ ಜಾಡು ತಿಳಿಯುತ್ತದೆ. ಆವರಣದಲ್ಲಿ ಕಲ್ಲಿನ ರಥವೂ ಇದೆ, ಕಲ್ಲಿನ ಕುದುರೆಗಳೂ ಇವೆ. ಹಂಪಿಯ ವಿಠ್ಠಲ ದೇವಾಲಯದ ರಥ ನೋಡಿದವರಿಗೆ ಅಲ್ಲಿ ಕಾಲು ನಿಲ್ಲುತ್ತದೆ. ಗೋಡೆ ಕಂಬಗಳ ಮೇಲೆ ತೆಲುಗು, ಸಂಸ್ಕೃತ, ಒಡಿಯಾ ಬರಹಗಳು. ಅಂದರೆ ಈ ಗುಡ್ಡ ಮೊದಲಿನಿಂದಲೂ ಒಂದೇ ಭಾಷೆಯ ಸೊತ್ತಾಗಿರಲಿಲ್ಲ.

ರಾಯರು ಇಲ್ಲಿಗೆ ಬಂದದ್ದು ಯಾತ್ರಿಕರಾಗಿ ಮಾತ್ರವಲ್ಲ, ಯುದ್ಧದ ದಾರಿಯಲ್ಲಿ. ಎದುರಾಳಿ ಒಡಿಶಾದ ಪ್ರತಾಪರುದ್ರ ಗಜಪತಿ. ಉದಯಗಿರಿ 1514ರಲ್ಲಿ, ಕೊಂಡವೀಡು 1515ರಲ್ಲಿ, ಆಮೇಲೆ ಕೊಂಡಪಲ್ಲಿ, ರಾಜಮಹೇಂದ್ರಿ ಹೀಗೆ ಕೋಟೆಯ ಮೇಲೆ ಕೋಟೆ ಹಿಡಿಯುತ್ತ ಸಿಂಹಾಚಲ ಮುಟ್ಟಿದರು. ಶಾಸನದ ದಿನವನ್ನು ವಿದ್ವಾಂಸರು 1516ರ ಮಾರ್ಚ್ 30 ಎಂದು ಲೆಕ್ಕ ಹಾಕಿದ್ದಾರೆ. ರಾಯರು ದೇವರಿಗೆ 991 ಮುತ್ತುಗಳ ಕಂಠಮಾಲೆ ಮೊದಲಾದ ಒಡವೆಗಳನ್ನು ಒಪ್ಪಿಸಿದರು. ರಾಣಿಯರಾದ ಚಿನ್ನಾದೇವಿ, ತಿರುಮಲದೇವಿಯರ ಕಾಣಿಕೆಯೂ ಅದರಲ್ಲಿ ದಾಖಲಾಗಿದೆ. ಶತ್ರುವಿನ ನೆಲದ ದೇವರು ತಮಗೂ ದೇವರೇ ಎಂದು ಜನರ ಮುಂದೆ ಹೇಳುವ ರೀತಿ ಇದು. ಕೇಳಬೇಕಾದವರು ಅಲ್ಲಿಯ ಜನ, ಆದ್ದರಿಂದ ಶಾಸನ ತೆಲುಗಿನಲ್ಲಿ. ಮೊದಲೆರಡು ಪ್ರಶ್ನೆಗೆ ಉತ್ತರ ಸಿಕ್ಕಿತು.

ಮೂರನೆಯದಕ್ಕೆ 'ತೆಲುಗು' ಎಂದು ಬರೆದುಕೊಂಡು ಮುಗಿಸಿದ್ದೆ. ನನ್ನ ನಕಲು ಹಿಡಿದು ಮಂಟಪದ ನೆರಳಿನಲ್ಲಿ ಕೂತಿದ್ದ ತಂಗಿ ಗಟ್ಟಿಯಾಗಿ ಓದತೊಡಗಿದಳು. ತೆಲುಗು ಅವಳಿಗೆ ನೀರು ಕುಡಿದಷ್ಟು ಸಲೀಸು. ಬಿರುದಾವಳಿಯಲ್ಲಿ ತಟ್ಟನೆ ನಿಂತಳು.

"ಅಣ್ಣಾ, ಇಲ್ಲಿ ನೀನು ತಪ್ಪು ಬರ್ಕೊಂಡಿದೀಯ."

"ಏನೇ?"

"ಮೂರು ಅಂತ ಬರ್ದಿದೀಯ. ತೆಲುಗಲ್ಲಿ ಮೂಡು ಅಲ್ವಾ? ಮೂರುರಾಯರ ಗಂಡ ಅಂತ ಇದೆ. ರಾಯರ ಅಂತ ಯಾರಂತಾರೆ ಇಲ್ಲಿ? ರಾಯಲ ಅಂತಾರೆ. ಇದು ನಮ್ಮನೆ ಮಾತು."

ನಾನು ಬೆಪ್ಪಾದೆ. ಅಕ್ಷರ ಅಕ್ಷರ ನೋಡಿ ನಕಲು ಮಾಡಿದವನು ನಾನು. ಕನ್ನಡ ಮೇಜರ್ ವಿದ್ಯಾರ್ಥಿ ನಾನು. ನನ್ನ ಕಣ್ಣಿಗೆ ಬೀಳದ್ದು ಕನ್ನಡ ಓದಲು ಬಾರದ ಹುಡುಗಿಯ ಕಿವಿಗೆ ಬಿತ್ತು! ತಪ್ಪು ನಕಲಿನದಲ್ಲ. ವಿಜಯನಗರದ ಅರಸರ ತೆಲುಗು ಶಾಸನಗಳಲ್ಲಿ ಹೀಗೆಯೇ ಬರುತ್ತದೆ. 'ಮೂರುರಾಯರ ಗಂಡ' ಅಂದರೆ ಮೂವರು ರಾಯರನ್ನು ಮೀರಿದ ವೀರ. ಇನ್ನೊಂದು ಬಿರುದು 'ಭಾಷೆಗೆ ತಪ್ಪುವ ರಾಯರ ಗಂಡ'. ಇಲ್ಲಿ ಭಾಷೆ ಎಂದರೆ ಕೊಟ್ಟ ಮಾತು. ಮಾತಿಗೆ ತಪ್ಪುವ ಅರಸರನ್ನು ಅಡಗಿಸುವವನು ಎಂದು ಅರ್ಥ. ವ್ಯಾಕರಣ ತರಗತಿಯ ಮಿತ್ರರು ಗಮನಿಸಬೇಕು: ಷಷ್ಠಿಯ 'ಅ' ಪ್ರತ್ಯಯ ಸೇರಿದ 'ರಾಯರ', ಚತುರ್ಥಿಯ 'ಗೆ' ಸೇರಿದ 'ಭಾಷೆಗೆ', 'ತಪ್ಪುವ' ಎಂಬ ಕೃದಂತ ಎಲ್ಲವೂ ಅಚ್ಚ ಕನ್ನಡ. ತೆಲುಗಿನಲ್ಲಿ ಚತುರ್ಥಿ 'ಕು' ಆಗುತ್ತಿತ್ತು. ದಾನದ ವಿವರ ತೆಲುಗಿನಲ್ಲಿ, ಆದರೆ ದಾನ ಕೊಟ್ಟವನು ತನ್ನನ್ನು ಹೇಳಿಕೊಂಡದ್ದು ಕನ್ನಡ ಬಿರುದಿನಲ್ಲಿ. ಬಿರುದು ಅಂದರೆ ಮನೆತನದಿಂದ ಬಂದ ಹೆಸರು. ಊರು ಬಿಟ್ಟರೂ ಅದನ್ನು ಬಿಡುವುದಿಲ್ಲ. ಗಾಜುವಾಕದ ನಮ್ಮ ಮನೆಯಲ್ಲೂ ಅಷ್ಟೇ. ಸಂತೆಯ ವ್ಯವಹಾರ ತೆಲುಗಿನಲ್ಲಿ, ಮಗುವನ್ನು ಕರೆಯುವುದು ಕನ್ನಡದಲ್ಲಿ.

3. ರೈಲಿನ ಕಿಟಕಿಯಲ್ಲಿ

ವಾರದ ಮೇಲೆ ಅತ್ತೆಯ ಮನೆಗೆಂದು ಬೆಜವಾಡಕ್ಕೆ, ಅಂದರೆ ಈಗಿನ ವಿಜಯವಾಡಕ್ಕೆ ಹೊರಟೆವು. ದುವ್ವಾಡದಲ್ಲಿ ರೈಲು ಹತ್ತಿದರೆ ಸುಮಾರು 330 ಕಿಲೋಮೀಟರ್ ದಾರಿ. ಈ ದಾರಿಯನ್ನು ಕನ್ನಡ ಸಾಹಿತ್ಯ ಚರಿತ್ರೆಯ ಹೆದ್ದಾರಿ ಅಂದರೂ ಸಲ್ಲುತ್ತದೆ. ಮೊದಲು ಪಿಠಾಪುರ. ಬಾದಾಮಿಯ ಇಮ್ಮಡಿ ಪುಲಕೇಶಿ ಈ ಕೋಟೆಯನ್ನು ಗೆದ್ದುದನ್ನು ರವಿಕೀರ್ತಿ 634ರ ಐಹೊಳೆ ಶಾಸನದಲ್ಲಿ ಹೇಳುತ್ತಾನೆ. ಅಲ್ಲಿ ಓದುವಾಗ ಪಿಷ್ಟಪುರ ಎಂಬುದು ಬರೀ ಒಂದು ಸಂಸ್ಕೃತ ಪದವಾಗಿತ್ತು. ಇಲ್ಲಿ ಅದು ಹಳದಿ ಬೋರ್ಡಿನ ಒಂದು ಸ್ಟೇಷನ್ನು. ಚಹಾ ಮಾರುವವರು ಹತ್ತಿ ಇಳಿಯುತ್ತಾರೆ. ಪುಲಕೇಶಿ ತನ್ನ ತಮ್ಮ ಕುಬ್ಜ ವಿಷ್ಣುವರ್ಧನನನ್ನು ಈ ನಾಡಿಗೆ ಅಧಿಪತಿಯಾಗಿ ಇಟ್ಟ. ಅಣ್ಣನ ವಂಶ ಬಾದಾಮಿಯಲ್ಲಿ, ತಮ್ಮನ ವಂಶ ವೆಂಗಿಯಲ್ಲಿ. ತಮ್ಮನ ಮೊಮ್ಮಕ್ಕಳು ತೆಲುಗಿನವರಾದರು.

ಆಮೇಲೆ ಗೋದಾವರಿ, ರಾಜಮಹೇಂದ್ರಿ. ವೆಂಗಿ ಚಾಲುಕ್ಯರ ರಾಜರಾಜ ನರೇಂದ್ರನ ಆಸ್ಥಾನದಲ್ಲಿ ನನ್ನಯ ಹನ್ನೊಂದನೆಯ ಶತಮಾನದಲ್ಲಿ ತೆಲುಗು ಮಹಾಭಾರತ ಆರಂಭಿಸಿದ. ಅವನಿಗೆ ನೆರವಾದ ನಾರಾಯಣಭಟ್ಟನನ್ನು ಅದೇ ಅರಸನ ನಂದಂಪೂಡಿ ಶಾಸನ ಹಲವು ಭಾಷೆಗಳ ಕವಿಯೆಂದು ಹೊಗಳುತ್ತದೆ. ಸಂಸ್ಕೃತ, ಪ್ರಾಕೃತ, ಪೈಶಾಚಿ, ಆಂಧ್ರದ ಜೊತೆಗೆ ಆ ಪಟ್ಟಿಯಲ್ಲಿ ಕರ್ಣಾಟ ಭಾಷೆಯೂ ಇದೆ. ತೆಲುಗಿನ ಆದಿಕವಿಯ ಗೆಳೆಯನಿಗೆ ಕನ್ನಡ ಬರುತ್ತಿತ್ತು!

ಮುಂದೆ ಏಲೂರು. ಹತ್ತಿರದ ಪೆದವೇಗಿಯೇ ಹಳೆಯ ವೆಂಗಿ. ನಮ್ಮ ಆದಿಕವಿ ಪಂಪನ ಹಿರಿಯರು ವೆಂಗಿಮಂಡಲದ ಅಗ್ರಹಾರದವರು. ಪೊನ್ನನ ಮೂಲವೂ ವೆಂಗಿನಾಡು. ಛಂದೋಂಬುಧಿ ಬರೆದ ನಾಗವರ್ಮನ ಮನೆತನವೂ ಅಲ್ಲಿಯದೇ. ಪಂಪನ ತಮ್ಮ ಜಿನವಲ್ಲಭ ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಬರೆಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. 'ನೀನು ತೆಲುಗಿನವನು, ಸುಮ್ನಿರು' ಅಂತ ಅಂದಿನ ಹಾಸ್ಟೆಲಿನಲ್ಲಿ ಪಂಪನಿಗೆ ಯಾರಾದರೂ ಅಂದಿದ್ದರೆ, 941ರಲ್ಲಿ ವಿಕ್ರಮಾರ್ಜುನ ವಿಜಯ ಯಾರು ಬರೆಯುತ್ತಿದ್ದರು?

4. ಬೆಜವಾಡ

ಬೆಜವಾಡ ಧೂಳು, ಸೆಕೆ, ಜಂಕ್ಷನ್ನಿನ ಗದ್ದಲದ ಊರು. ಹಳೆಯ ಊರೆಂದು ಮೊದಲ ನೋಟಕ್ಕೆ ಅನ್ನಿಸುವುದೇ ಇಲ್ಲ. ಆದರೆ ಊರಿಗೆ ಅಂಟಿಕೊಂಡೇ ಇಂದ್ರಕೀಲಾದ್ರಿ. ಅರ್ಜುನ ಪಾಶುಪತಕ್ಕಾಗಿ ತಪಸ್ಸು ಮಾಡಿದ ಬೆಟ್ಟ ಇದೇ ಎಂದು ಜನ ನಂಬುತ್ತಾರೆ. ಮೇಲೆ ಕನಕದುರ್ಗೆ, ಬುಡದಲ್ಲಿ ಅಕ್ಕಣ್ಣ-ಮಾದಣ್ಣರ ಹೆಸರಿನ ಗುಹೆಗಳು, ಕೆಳಗೆ ಕೃಷ್ಣೆ. ಆಲಮಟ್ಟಿಯಲ್ಲಿ ತಡೆದು ಬಿಟ್ಟ ನೀರೇ ಇಲ್ಲಿ 1957ರ ಪ್ರಕಾಶಂ ಬ್ಯಾರೇಜಿಗೆ ಬಂದು ನಿಲ್ಲುತ್ತದೆ. ನೀರಿಗೆ ಯಾರೂ ನೀನು ಯಾರವಳು ಅಂತ ಕೇಳೋದಿಲ್ಲ ಅನ್ನೋ ಹಾಗಿಲ್ಲ; ಅದಕ್ಕೂ ನ್ಯಾಯಮಂಡಳಿ ಆಗಿದೆ!

ಹೊಳೆ ದಾಟಿ ಉಂಡವಲ್ಲಿಗೆ ಹೋದೆವು. ಮರಳುಗಲ್ಲಿನ ಗುಡ್ಡವನ್ನೇ ಕೊರೆದು ಮಾಡಿದ ನಾಲ್ಕು ಅಂತಸ್ತಿನ ಗುಹೆ. ನಾಲ್ಕು-ಐದನೆಯ ಶತಮಾನಗಳ ಕೆಲಸ ಎನ್ನುತ್ತಾರೆ. ಒಳಗೆ ಐದು ಮೀಟರಿಗೂ ಉದ್ದನೆಯ ಅನಂತಶಯನ, ಒಂದೇ ಕಲ್ಲಿನಲ್ಲಿ. ಬಾದಾಮಿಯ ಮೂರನೆಯ ಗುಹೆ 578ರದು, ಮಂಗಲೇಶ ಮಾಡಿಸಿದ್ದು. ಅಲ್ಲಿ ವಿಷ್ಣು ಶೇಷನ ಮೇಲೆ ಕೂತಿದ್ದಾನೆ, ಇಲ್ಲಿ ಮಲಗಿದ್ದಾನೆ. ಎರಡನ್ನೂ ಒಂದೇ ವರ್ಷ ನೋಡಿದ್ದರಿಂದ ನನಗೆ ಹೊಳೆದದ್ದಿಷ್ಟು: ಕಟ್ಟುವವರು ಕಲ್ಲನ್ನು ಕೂಡಿಸುತ್ತಾರೆ, ಇಲ್ಲಿಯ ಶಿಲ್ಪಿಗಳು ಕಲ್ಲನ್ನು ಕಳೆದಿದ್ದಾರೆ. ಒಂದು ಏಟು ತಪ್ಪಿದರೆ ಮತ್ತೆ ತಂದು ಸೇರಿಸಲು ಬರುವುದಿಲ್ಲ.

ಇನ್ನು ಶಾಸನ. ಬೆಜವಾಡದ ಮಲ್ಲೇಶ್ವರಸ್ವಾಮಿ ದೇವಾಲಯದ ಕಂಬದ್ದು, ಚಾಲುಕ್ಯ ಯುದ್ಧಮಲ್ಲನದು, ಹತ್ತನೆಯ ಶತಮಾನದ್ದು. ಕಾರ್ತಿಕೇಯನ ಗುಡಿ, ಮಠದ ವಿಷಯ. ತೆಲುಗು ಪದ್ಯದ ಹಳೆಯ ಮಾದರಿಗಳಲ್ಲಿ ಒಂದೆಂದು ಅದಕ್ಕೆ ಹೆಸರು. ಅದರ ಛಂದಸ್ಸು ಮಧ್ಯಾಕ್ಕರ. ಮಿತ್ರರೇ, ನಮ್ಮ ಛಂದಸ್ಸಿನ ನೋಟ್ಸು ತೆಗೆದು ನೋಡಿ. ನಾಗವರ್ಮ ಕನ್ನಡದ ಅಂಶಗಣದ ಮಟ್ಟುಗಳನ್ನು ಹೇಳುವಾಗ ಪಿರಿಯಕ್ಕರ, ದೊರೆಯಕ್ಕರ, ನಡುವಣಕ್ಕರ, ಎಡೆಯಕ್ಕರ, ಕಿರಿಯಕ್ಕರ ಎಂದು ಐದನ್ನು ಕೊಡುತ್ತಾನೆ. ನಡುವಣ ಎಂದರೂ ಮಧ್ಯ ಎಂದರೂ ಒಂದೇ. ಒಂದೇ ಬೇರಿನ ಮಟ್ಟು ಹೊಳೆಯ ಎರಡು ದಡದಲ್ಲೂ ಚಿಗುರಿದೆ. ಆ ಶಾಸನದಲ್ಲಿ ಮಠದಲ್ಲಿ ತಂಗುವವರನ್ನು 'ಗೊರಗ' ಎಂದು ಕರೆದಿದೆ. ನಮ್ಮ ಗೊರವಯ್ಯನ ನೆನಪಾಗದೆ ಇರುತ್ತದೆಯೇ?

ಪರೀಕ್ಷೆಯಲ್ಲಿ ಅಕ್ಕರಗಳ ಲಕ್ಷಣವನ್ನು ಬಾಯಿಪಾಠ ಮಾಡಿ ಬರೆದು ಮರೆತಿದ್ದೆ. ಬೆಜವಾಡಕ್ಕೆ ಬಂದ ಮೇಲೆ ಅದು ಪಾಠವಾಯಿತು.

5. ದೇವರು ಕರೆದ ಹೆಸರು

ರಾಯರ ಪ್ರಶ್ನೆ ಉಳಿಯಿತು. ಅವರ ತೆಲುಗು ಕಾವ್ಯ ಆಮುಕ್ತಮಾಲ್ಯದದ ಪೀಠಿಕೆಯಲ್ಲೇ ಉತ್ತರ ಇದೆ. ಕಳಿಂಗದ ಯುದ್ಧಕ್ಕೆ ಹೊರಟ ರಾಯರು ಕೆಲವು ದಿನ ಬೆಜವಾಡದಲ್ಲಿ ತಂಗಿ, ಅಲ್ಲಿಂದ ಕೃಷ್ಣೆಯ ಕೆಳದಂಡೆಯ ಶ್ರೀಕಾಕುಳಕ್ಕೆ ಆಂಧ್ರವಿಷ್ಣುವಿನ ದರ್ಶನಕ್ಕೆ ಹೋದರು. ಇದು ಕೃಷ್ಣಾ ಜಿಲ್ಲೆಯ ಹಳ್ಳಿ, ಉತ್ತರದ ದೊಡ್ಡ ಊರಲ್ಲ. ಏಕಾದಶಿಯ ಉಪವಾಸದ ರಾತ್ರಿ ಕನಸಿನಲ್ಲಿ ದೇವರು ಬಂದು ತೆಲುಗಿನಲ್ಲಿ ಕಾವ್ಯ ಬರೆ ಎಂದು ಅಪ್ಪಣೆ ಕೊಡುತ್ತಾನೆ. ಆ ಪ್ರಸಂಗದಲ್ಲಿ ದೇವರು ತನ್ನನ್ನು ತೆಲುಗು ರಾಯ ಎಂದು ಹೇಳಿಕೊಂಡು, ಎದುರಿಗಿದ್ದ ಅರಸನನ್ನು ಕನ್ನಡ ರಾಯ ಎಂದು ಕರೆಯುತ್ತಾನೆ. ಬರೆದವರು ರಾಯರೇ. ತಮ್ಮನ್ನು ಹಾಗೆ ಕರೆಸಿಕೊಳ್ಳುವುದು ಅವರಿಗೆ ಸರಿಯೆನಿಸಿತ್ತು. ಆದರೂ ಬರೆದದ್ದು ತೆಲುಗು ಕಾವ್ಯ. ಅವರ ಕಾಲದಲ್ಲೇ ಕುಮಾರವ್ಯಾಸ ಬಿಟ್ಟ ಪರ್ವಗಳನ್ನು ತಿಮ್ಮಣ್ಣ ಕವಿ ಕನ್ನಡದಲ್ಲಿ ಮುಗಿಸಿ, ಅದಕ್ಕೆ ಕೃಷ್ಣರಾಯ ಭಾರತ ಎಂದು ರಾಯರ ಹೆಸರು ಬಂತು. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕು ಅನ್ನುವ ಲೆಕ್ಕ ಅವರದಲ್ಲ, ನಮ್ಮದು.

ಇನ್ನೊಂದು ಮಾತು. ಇಷ್ಟೆಲ್ಲ ಗೆದ್ದ ಮೇಲೆ ರಾಯರು ಗಜಪತಿಯ ಮಗಳನ್ನು ಮದುವೆಯಾಗಿ, ಕೃಷ್ಣೆಯ ಉತ್ತರದ ನೆಲವನ್ನು ಅವನಿಗೇ ಹಿಂದಕ್ಕೆ ಕೊಟ್ಟರು. ಸಿಂಹಾಚಲವೂ ಹೋಯಿತು. ಉಳಿದದ್ದು ಏನು? ಕಂಬದ ಮೇಲಿನ ಬರಹ. ನೆಲ ಕೈಬದಲಾಯಿತು, ಮಾತು ಉಳಿಯಿತು.

6. ನಮಗೆ ಅಭ್ಯಾಸ

ಒಟ್ಟಿನಲ್ಲಿ ನಾನು ಹೇಳಬೇಕೆಂದಿದ್ದುದು ಇಷ್ಟೇ. ಹಳೆಯ ಊರಿಗೆ ಹೋದಾಗ ಇದು ಯಾರದು ಎಂಬ ಪ್ರಶ್ನೆಯನ್ನು ಚಪ್ಪಲಿಯ ಜೊತೆ ಹೊರಗೆ ಬಿಡಿ. ಏನು, ಯಾರಿಗೆ, ಯಾವ ಮಾತಿನಲ್ಲಿ ಎಂದು ಕೇಳಿ. ಕಣ್ಣು ಓದಿದ್ದನ್ನು ಬಾಯಲ್ಲಿ ಹೇಳಿ, ಕಿವಿಗೆ ಕೇಳಿಸಿ. ಸಾಧ್ಯವಾದರೆ ಆ ಭಾಷೆ ಬಲ್ಲ, ನಿಮಗಿಂತ ಕಡಿಮೆ ಓದಿದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮುಂದಿನ ಸಭೆಗೆ ಪ್ರತಿಯೊಬ್ಬ ಸದಸ್ಯರೂ ತಮ್ಮ ಊರಿನ ಒಂದು ವೀರಗಲ್ಲೋ ದಾನಶಾಸನವೋ ನೋಡಿ, ಈ ಮೂರು ಪ್ರಶ್ನೆಗೆ ಒಂದು ಪುಟ ಉತ್ತರ ಬರೆದು ತರಬೇಕೆಂದು ನನ್ನ ಸೂಚನೆ.

ಬೆಜವಾಡದಿಂದ ಹಿಂದಿರುಗುವ ರೈಲಿನಲ್ಲಿ ತಂಗಿ ಕಾಗದದ ಮೇಲೆ ತೆಲುಗು ಅಕ್ಷರಗಳ ಸಾಲು ಬರೆದು, ಕೆಳಗೆ ಕನ್ನಡದವನ್ನು ನನ್ನಿಂದ ಬರೆಸಿಕೊಂಡಳು. ಹಿಂದೆ ಎರಡೂ ಒಂದೇ ಲಿಪಿಯಾಗಿದ್ದವು. ನಿಧಾನವಾಗಿ ಬೇರೆಯಾಗಿ, ಅಚ್ಚಿನ ಮೊಳೆಗಳು ಬಂದ ಮೇಲೆ ಆ ಬೇರೆತನ ಗಟ್ಟಿಯಾಯಿತು ಎಂದು ಹೇಳಿದೆ. ತುಂಬ ಅಕ್ಷರಗಳಲ್ಲಿ ವ್ಯತ್ಯಾಸ ತಲೆಕಟ್ಟಿನದ್ದು ಮಾತ್ರ. "ಇಷ್ಟೇನಾ? ಇಷ್ಟಕ್ಕೇನಾ ನೀವು ಹಾಸ್ಟೆಲಲ್ಲಿ ಹೊಡೆದಾಡಿದ್ದು?" ಅಂದಳು. ನಾನೇನೂ ಹೇಳಲಿಲ್ಲ.

ನಾನು ಕಾಲೇಜಿಗೆ ಹೊರಡುವ ಹಿಂದಿನ ದಿನ ಅಜ್ಜಿಯ ನೋಟುಬುಕ್ಕು ಬಿಚ್ಚಿ ಕೂತಿದ್ದಳು. ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಮೊದಲ ಪುಟದಲ್ಲಿ ಪದ ಇರಲಿಲ್ಲ, ಹಾಲಿನವನ ಲೆಕ್ಕ ಇತ್ತು. ಪರವಾಗಿಲ್ಲ ಅಂತ ಎರಡನೆಯ ಪುಟ ತಿರುವಿದಳು.